ಗಂಜ್‌ನಲ್ಲಿ ಗುಟ್ಟಿನ ದರ: ನನ್ನ ಅನುಭವ

ಆವತ್ತು ಗಂಜ್‌ನಲ್ಲಿ, ಅಂದರೆ ನಮ್ಮ ಕೃಷಿ ಮಾರುಕಟ್ಟೆಯಲ್ಲಿ, ಹತ್ತಿಯ ಟೆಂಡರ್‌ಗೆ ನಾನು ಹಾಕಬೇಕಿದ್ದ ದರ ಕ್ವಿಂಟಲಿಗೆ 6780. ಒತ್ತಿದ್ದು 7680. ಆರು, ಏಳು ಅದಲುಬದಲಾಗಿದ್ದು ಟೆಂಡರ್ ಮುಗಿದ ಮೇಲೆ ಗೊತ್ತಾಯ್ತು. 18 ಕ್ವಿಂಟಲ್ ಹತ್ತಿ. ಕ್ವಿಂಟಲಿಗೆ 900 ರೂಪಾಯಿಯಂತೆ 16,200 ನನ್ನ ಬೆರಳ ತುದಿಯಲ್ಲೇ ಹೋಯ್ತು.

ರೈತ ಮಾನ್ವಿ ಕಡೆಯವರು. ದಲಾಲಿ ಅಂಗಡಿಯ ಮುಂದೆ ತಮ್ಮ ರಾಶಿಯ ಹತ್ತಿರ ನಿಂತಿದ್ದರು. ದರ ಕೇಳಿ ಮೊದಲು ನಂಬಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಸಾವ್ಕಾರ್ರೆ, ನಮ್ ಹತ್ತಿ ಅಷ್ಟು ಚಲೋ ಐತೇನ್ರಿ?" ಅಂದರು. ಏನು ಹೇಳಲಿ? "ಹ್ಞೂಂ, ಚಲೋ ಐತಿ" ಅಂದೆ.

ಬಯಲು ಸವಾಲಿನಲ್ಲಿ, ಅಂದರೆ ಎಲ್ಲರೆದುರು ದರ ಕೂಗುವ ಹರಾಜಿನಲ್ಲಿ, ನಾನು ಹಾಗೆ ಕೂಗಿದ್ದರೆ ಪಕ್ಕದವರು ನಕ್ಕು, ತಲೆ ಕೆಟ್ಟಿತೇನ್ರಿ ಅಂತ ತಡೆಯುತ್ತಿದ್ದರು. ಗುಟ್ಟಿನ ಟೆಂಡರ್‌ನಲ್ಲಿ ನಗುವವರೂ ಇಲ್ಲ, ತಡೆಯುವವರೂ ಇಲ್ಲ.

ರಾಯಚೂರಿನ ರಾಜೇಂದ್ರ ಗಂಜ್‌ನಲ್ಲಿ ನಾನು ಸಣ್ಣ ಖರೀದಿದಾರ. ಹತ್ತಿ ಹಿಡಿದು, ಕಾಳು ಬೇರ್ಪಡಿಸುವ ಜಿನ್ನಿಂಗ್ ಮಿಲ್ಲಿಗೆ ಕೊಡುತ್ತೇನೆ. ಕರ್ನಾಟಕದ ಮಾರುಕಟ್ಟೆಗಳಿಗೆ ಆನ್‌ಲೈನ್ ಟೆಂಡರಿನ ಏಕೀಕೃತ ಮಾರುಕಟ್ಟೆ ವೇದಿಕೆ ಬಂದಿದ್ದು 2014ರಲ್ಲಿ. ಇಂಥದ್ದೇ ಕೇಂದ್ರದ ವೇದಿಕೆ ಇ-ನಾಮ್ 2016ರಲ್ಲಿ ಬಂತು. ಅಂದರೆ ಈ ವಿಷಯದಲ್ಲಿ ನಮ್ಮವರು ಎರಡು ವರ್ಷ ಮುಂದೆ. ಮಾಲು ಗೇಟಿನಲ್ಲಿ ಬರುತ್ತಲೇ ಲಾಟ್ ನಂಬರ್ ಬೀಳುತ್ತದೆ. ನಾವು ರಾಶಿ ನೋಡಿಕೊಂಡು ಹೋಗಿ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ದರ ಹಾಕುತ್ತೇವೆ. ಒಬ್ಬರ ದರ ಇನ್ನೊಬ್ಬರಿಗೆ ಕಾಣುವುದಿಲ್ಲ. ಹೆಚ್ಚು ಹಾಕಿದವರಿಗೆ ಮಾಲು. ದರ ಒಪ್ಪಿಗೆಯಾಗದಿದ್ದರೆ ರೈತ ಬೇಡ ಅನ್ನಬಹುದು.

ಗುಟ್ಟು ನಮಗೆ ಹೊಸದೇನಲ್ಲ. ದನದ ಸಂತೆಯಲ್ಲಿ ಟವೆಲ್ ಮುಚ್ಚಿ ಅದರೊಳಗೆ ಬೆರಳು ಹಿಡಿದು ದರ ಹೇಳುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಆದರೆ ಟವೆಲ್ ಒಳಗೆ ಎದುರಿನವನ ಕೈ ಇರುತ್ತದೆ. ಬೆರಳು ಸ್ವಲ್ಪ ಬಿಗಿಯಾದರೆ ಅವನಿಗೆ ಎತ್ತು ಬೇಕೇ ಬೇಕು ಅಂತ ತಿಳಿಯುತ್ತದೆ. ಮೊಬೈಲಿನಲ್ಲಿ ಅದೆಲ್ಲಿ?

ಗುಟ್ಟಿನಿಂದ ನನಗಾದ ಲಾಭ ಮೊದಲು ಹೇಳುತ್ತೇನೆ. ಕೂಗುವ ಸವಾಲಿದ್ದಾಗ ದೊಡ್ಡ ಮಿಲ್ಲಿನವರ ಎದುರು ದರ ಏರಿಸೋಕೆ ನನಗೆ ಧೈರ್ಯ ಇರಲಿಲ್ಲ. ನಾಳೆ ಅವರಿಗೇ ಮಾಲು ಕೊಡಬೇಕು, ಇವತ್ತು ಅವರ ಮೇಲೆ ಕೂಗಿ ದಕ್ಕಿಸಿಕೊಳ್ಳೋದು ಹೇಗೆ? "ಈ ರಾಶಿ ನಿನಗೆ, ಆ ರಾಶಿ ನನಗೆ" ಅಂತ ಕಣ್ಣಲ್ಲೇ ಮಾತಾಗುತ್ತಿತ್ತು. ಮಾತು ತಪ್ಪಿದವನು ಅಲ್ಲೇ, ಎಲ್ಲರೆದುರೇ ಸಿಕ್ಕಿಬೀಳುತ್ತಿದ್ದ. ಈಗ ಚಹಾ ಕುಡಿಯುತ್ತಾ ಹಾಗೇ ಆಗಲಿ ಅಂದವನು ಅಂಗಡಿಗೆ ಹೋಗಿ ಏನು ಒತ್ತುತ್ತಾನೋ ಯಾರಿಗೆ ಗೊತ್ತು! ನಾನೂ ಒಂದೆರಡು ಸಲ ಹಾಗೆ ಮಾಡಿದ್ದೇನೆ. ರೈತರಿಗೆ ಇದರಿಂದ ಒಳ್ಳೆಯದೇ ಆಯ್ತು.

ನಷ್ಟ ಬೇರೆ ಕಡೆ ಇದೆ. ಅದು ನನಗೆ ಅರ್ಥವಾಗೋಕೆ ಎರಡು ಹಂಗಾಮು ಬೇಕಾಯ್ತು.

ಹತ್ತಿಯ ಲೆಕ್ಕ ಹೀಗೆ. ಪೇಟೆಯಲ್ಲಿ ಅರಳೆ, ಅಂದರೆ ಕಾಳು ತೆಗೆದ ಹತ್ತಿಯ ದರ ಕ್ಯಾಂಡಿ ಲೆಕ್ಕದಲ್ಲಿ ಬರುತ್ತದೆ. ಒಂದು ಕ್ಯಾಂಡಿ ಅಂದರೆ 356 ಕೆಜಿ. ಕ್ಯಾಂಡಿಗೆ 55,000 ಅಂತಿಟ್ಟುಕೊಂಡರೆ ಕೆಜಿಗೆ 154 ಚಿಲ್ಲರೆ. ಹತ್ತಿಕಾಳು ಕೆಜಿಗೆ 32 ಅನ್ನಿ. ಒಂದು ಕ್ವಿಂಟಲ್ ಹತ್ತಿಯಲ್ಲಿ 34 ಕೆಜಿ ಅರಳೆ ಬರುತ್ತೋ 33 ಬರುತ್ತೋ, ಆ ಒಂದು ಕೆಜಿ ಅರಳೆಯೋ ಕಾಳೋ ಅನ್ನುವುದಕ್ಕೇ ಸುಮಾರು 120 ರೂಪಾಯಿ ವ್ಯತ್ಯಾಸ. ಇದನ್ನು ತಿಳಿಯೋಕೆ ನಮ್ಮ ಹತ್ತಿರ ಇರೋದು ಕೈ, ಹಲ್ಲು ಮಾತ್ರ. ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತೇನೆ. ಮೇಲಿನ ಹತ್ತಿ ಯಾವಾಗಲೂ ಒಣಗಿರುತ್ತೆ, ಅದನ್ನು ನಂಬಬಾರದು. ಮುಷ್ಟಿ ಬಿಗಿದು ಬಿಟ್ಟಾಗ ಹತ್ತಿ ಅರಳಿ ಎದ್ದರೆ ಸರಿ. ಮುದ್ದೆಯಾಗಿ ಕೂತರೆ ತೇವ ಇದೆ. ಕಾಳು ಕಡಿದಾಗ ಕಟ್ ಅನ್ನಬೇಕು, ಮೆತ್ತಗೆ ಒತ್ತಿಕೊಂಡರೆ ಒಣಗಿಲ್ಲ ಅಂತ.

ಹತ್ತು ಜನ ಹೀಗೆ ನೋಡಿ ಹತ್ತು ಅಂದಾಜು ಮಾಡುತ್ತಾರೆ. ಮಾಲು ಯಾರಿಗೆ ಸಿಗುತ್ತೆ? ಎಲ್ಲರಿಗಿಂತ ಜಾಸ್ತಿ ಅಂದಾಜು ಮಾಡಿದವನಿಗೆ. ಎಷ್ಟೋ ಸಲ ಅವನೇ ಎಲ್ಲರಿಗಿಂತ ಜಾಸ್ತಿ ತಪ್ಪಿದವನು! ಕೂಗುವ ಸವಾಲಿನಲ್ಲಿ ಅನುಭವಸ್ಥರು ನಡುವೆಯೇ ಸುಮ್ಮನಾದರೆ, ಈ ರಾಶಿಯಲ್ಲಿ ಏನೋ ಇದೆ ಅಂತ ನಾನೂ ಬಾಯಿ ಮುಚ್ಚುತ್ತಿದ್ದೆ. ಆ ಸುಮ್ಮನಿರುವಿಕೆಯೇ ನನಗೆ ಪುಕ್ಕಟೆ ಪಾಠವಾಗಿತ್ತು. ಗುಟ್ಟಿನಲ್ಲಿ ಅದೂ ಹೋಯ್ತು. ಟೆಂಡರ್ ಗೆದ್ದ ಖುಷಿಯಲ್ಲಿ ಮಿಲ್ಲಿಗೆ ಮಾಲು ಹಾಕುತ್ತಿದ್ದೆ, ಅರಳೆ 32 ಕೆಜಿ ಅಂತ ಚೀಟಿ ಬರುತ್ತಿತ್ತು.

ಮಗಳು ಬಿ.ಕಾಂ. ಅವಳಿಗೆ ಹೇಳಿದೆ. "ಅಪ್ಪಾ, ಗೆದ್ದವನು ಎರಡನೆಯವನ ದರ ಕೊಟ್ಟರೆ ಸಾಕು ಅನ್ನೋ ಪದ್ಧತಿನೂ ಇದೆ. ವಿಲಿಯಂ ವಿಕ್ರಿ ಅನ್ನೋ ಅರ್ಥಶಾಸ್ತ್ರಜ್ಞರು 1961ರಲ್ಲೇ ಅದರ ಬಗ್ಗೆ ಬರೆದಿದ್ದಾರೆ" ಅಂದಳು. ನಮ್ಮ ಗಂಜ್‌ನಲ್ಲಿ ಅದನ್ನು ಯಾರಿಗೆ ಹೇಳೋದು? "ನೀವು 7000 ಬರೆದು ನನಗೆ 6850 ಕೊಡ್ತೀರಾ?" ಅಂತ ರೈತ ಕೇಳಲ್ವಾ? ಕೇಳಬೇಕಾದ್ದೇ.

ಈಗ ನನ್ನ ಜೇಬಿನಲ್ಲಿ ಒಂದು ಪಾಕೆಟ್ ಡೈರಿ ಇದೆ. ರಾಶಿಯ ಹತ್ತಿರವೇ ನನ್ನ ಅಂದಾಜು ಬರೆಯುತ್ತೇನೆ. ಪಕ್ಕದಲ್ಲಿ ಹಾಕಿದ ದರ. ಮೂರನೇ ಕಡೆ ಮಿಲ್ಲಿನಿಂದ ಬಂದ ಅರಳೆ. ಒಂದು ಹಂಗಾಮು ಬರೆದ ಮೇಲೆ ಗೊತ್ತಾಯ್ತು, ನಾನು ಗೆದ್ದ ಲಾಟುಗಳಲ್ಲಿ ಅಂದಾಜಿಗಿಂತ ಅರಳೆ ಕಡಿಮೆ ಬಂದಿದ್ದೇ ಜಾಸ್ತಿ. ಸೋತ ಲಾಟುಗಳ ಕಥೆ ಗೊತ್ತಾಗುವುದೇ ಇಲ್ಲ, ಅದು ಬೇರೆ. ಹಾಗಾಗಿ ಈಗ ನನ್ನ ಅಂದಾಜಿನಿಂದ ಒಂದಷ್ಟು ಕಳೆದೇ ಒತ್ತುತ್ತೇನೆ. ರಾಶಿಯ ಮುಂದೆ ಜನ ಜಾಸ್ತಿ ನಿಂತಷ್ಟೂ ನನ್ನ ಲೆಕ್ಕದ ಮೇಲೆ ನನಗೇ ಅನುಮಾನ ಜಾಸ್ತಿ. ಎರಡನೇ ದರ ಎಷ್ಟಿತ್ತು ಅಂತ ಚಹಾ ಅಂಗಡಿಯಲ್ಲಿ ಕೇಳೋದನ್ನು ಬಿಟ್ಟಿದ್ದೇನೆ. ಅಲ್ಲಿ ಯಾರೂ ನಿಜ ಹೇಳಲ್ಲ, ನಾನೂ ಹೇಳಲ್ಲ. ಇನ್ನು ದರ ಒತ್ತುವಾಗ ಅಂಗಡಿಯ ಹುಡುಗ ಪಕ್ಕದಲ್ಲಿ ನಿಂತು ಅಂಕಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಲೇಬೇಕು. ಗುಟ್ಟು ಎಲ್ಲಿ ಉಳಿಯಿತು ಅಂತ ಕೇಳಬೇಡಿ.

ಮಾನ್ವಿಯ ಆ ರೈತರು ಮುಂದಿನ ವರ್ಷ ಮತ್ತೆ ಬಂದರು. ರಾಶಿ ಸುರಿದು, ನನ್ನನ್ನು ಹುಡುಕಿಕೊಂಡು ಬಂದು, ನಗು ತಡೆದುಕೊಂಡು ಕೇಳಿದರು: "ಸಾವ್ಕಾರ್ರೆ, ಈ ಸಲನೂ ನೀವೇ ಒತ್ತತೀರೇನ್ರಿ?"