ಮಟಮಟ ಮಧ್ಯಾಹ್ನದ ಓಟ: ಒಂದು ಬೇಸಿಗೆ, ಮೂರು ಟ್ರಯಥ್ಲಾನ್

ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೆ ಒಂದು ಮಾಡುವ ರೇಸೇ ಟ್ರಯಥ್ಲಾನ್. ಏಪ್ರಿಲ್ ಕೊನೆಯ ಭಾನುವಾರ ಅಂಥದ್ದೊಂದರಲ್ಲಿ, ಬೆಳಿಗ್ಗೆ 9.20ರ ಸುಮಾರಿಗೆ ಸೈಕಲ್ ನಿಲ್ಲಿಸಿ ಓಟಕ್ಕೆ ಹೊರಟೆ. ಆಗಲೇ ಬಿಸಿಲು ನೆತ್ತಿ ಸುಡುತ್ತಿತ್ತು. 10 ಕಿ.ಮೀ. 58 ನಿಮಿಷದಲ್ಲಿ ಮುಗಿಸಿದೆ. ಒಂದು ಹೆಜ್ಜೆಯೂ ನಡೆಯಲಿಲ್ಲ. ಮಾರ್ಚ್‌ನಲ್ಲಿ ಇದೇ ದೂರಕ್ಕೆ 1 ಗಂಟೆ 20 ನಿಮಿಷ ಬೇಕಾಗಿತ್ತು, ಅದರಲ್ಲಿ ಅರ್ಧ ನಡಿಗೆ. ಈಜು ಎರಡು ಸಲವೂ 39-40 ನಿಮಿಷ. ಸೈಕಲ್‌ನಲ್ಲಿ ಏಪ್ರಿಲ್‌ನಲ್ಲೇ ಮೂರು ನಿಮಿಷ ನಿಧಾನ, ಅದು ಬೇಕಂತಲೇ. ನಡುವೆ ಬದಲಾಯಿಸಿಕೊಳ್ಳುವ ಹೊತ್ತೂ ಸೇರಿ ಒಟ್ಟು 3 ಗಂಟೆ 24 ನಿಮಿಷ ಇದ್ದದ್ದು 3 ಗಂಟೆ 1 ನಿಮಿಷಕ್ಕೆ ಇಳಿಯಿತು. ನಲವತ್ತು ದಾಟಿದವರ ಗುಂಪಿನಲ್ಲಿ ಮೂರನೇ ಸ್ಥಾನ. ನನ್ನನ್ನು ಯಾವಾಗಲೂ ಹಿಂದೆ ಹಾಕುತ್ತಿದ್ದ ಇಬ್ಬರು ಗೆಳೆಯರನ್ನು ಓಟದ 6ನೇ ಕಿಲೋಮೀಟರ್‌ನಲ್ಲಿ ದಾಟಿದೆ. ಆ ಖುಷಿಯಲ್ಲೇ ಇದನ್ನು ಬರೆಯುತ್ತಿದ್ದೇನೆ.

ನಾನು ಮಾಡಿದ್ದರಲ್ಲಿ ಮುಖ್ಯವಾದದ್ದು ಒಂದೇ. ಬೇಸಿಗೆಯ ರೇಸಿಗೆ ಬೇಸಿಗೆಯ ಮಧ್ಯಾಹ್ನದಲ್ಲೇ ಓಡಿ ತಯಾರಾದೆ.

ಮೈಸೂರಿನಲ್ಲಿ ನನ್ನದು ಜೆರಾಕ್ಸ್ ಅಂಗಡಿ. ಬೆಳಿಗ್ಗೆ ಈಜು, ಒಂಬತ್ತಕ್ಕೆ ಅಂಗಡಿ, ರಾತ್ರಿ ಒಂಬತ್ತಕ್ಕೆ ಮನೆ. ಒಂದರಿಂದ ಮೂರರವರೆಗೆ ಬಾಗಿಲು ಹಾಕುತ್ತೇನೆ. ಓಟಕ್ಕೆ ಉಳಿದಿದ್ದು ಆ ಹೊತ್ತು ಮಾತ್ರ. "ಗುರು, ಈ ಬಿಸಿಲಲ್ಲಿ ಓಡಿದ್ರೆ ಫಿಟ್ ಆಗಲ್ಲ, ಆಸ್ಪತ್ರೆ ಸೇರ್ತೀಯ" ಅಂತ ನಮ್ಮ ಸೈಕಲ್ ಗುಂಪಿನವರು ಒಂದೇ ಸಮನೆ ಹೇಳಿದರು. ಮನೆಯಲ್ಲಿ ಹೆಂಡತಿ ಎರಡು ದಿನ ಮಾತೇ ಆಡಲಿಲ್ಲ. ಅವರ ಭಯ ಸುಳ್ಳಲ್ಲ. ಅದಕ್ಕೇ ಒಬ್ಬನೇ ಹೋಗಲಿಲ್ಲ. ಬಾಮೈದ ಸ್ಕೂಟರ್‌ನಲ್ಲಿ ನೀರು ಇಟ್ಟುಕೊಂಡು ಹಿಂದೆಯೇ ಬರುತ್ತಿದ್ದ.

ಅದಕ್ಕೆ ಮೊದಲು ಸೋತ ಕತೆ ಹೇಳಬೇಕು. ಜನವರಿಯಲ್ಲಿ ಪಾಂಡವಪುರದ ಕಡೆ ಸೈಕಲ್ ಅಭ್ಯಾಸಕ್ಕೆ ಹೋಗಿದ್ದೆ. ಒಕ್ಕಣೆ ಕಾಲ, ರಸ್ತೆ ತುಂಬಾ ಹುರುಳಿ ಹರಡಿದ್ದರು. ಬದಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್, ತಪ್ಪಿಸಿಕೊಳ್ಳಲು ಜಾಗ ಇಲ್ಲ. ಸುಮ್ನೆ ಹುರುಳಿ ಸೊಪ್ಪಿನ ಮೇಲೇ ಹೋದೆ. ಸೊಪ್ಪು ಚೈನಿಗೆ ಸುತ್ತಿಕೊಂಡು ಗೇರ್ ಬದಲಿಸುವ ಹಿಂದಿನ ಡಿರೇಲರ್ ಮುರಿದು ಚಕ್ರದೊಳಗೆ ಹೋಯಿತು. 38 ಸಾವಿರಕ್ಕೆ ತಂದ ಸೆಕೆಂಡ್ ಹ್ಯಾಂಡ್ ಸೈಕಲ್ಲು, ರಿಪೇರಿಗೆ 4,200 ರೂಪಾಯಿ. ಈಗ ಹುರುಳಿ ಕಂಡರೆ ಇಳಿದು ಸೈಕಲ್ ಹೆಗಲಿಗೆ ಹಾಕಿಕೊಂಡು ದಾಟುತ್ತೇನೆ.

ಫೆಬ್ರವರಿಯಲ್ಲಿ ಸ್ಪ್ರಿಂಟ್ ರೇಸ್: ಕೊಳದಲ್ಲಿ 750 ಮೀಟರ್ ಈಜು, ಆಮೇಲೆ 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಈಜಿನಿಂದ ಓಡಿ ಬಂದವನು ಹೆಲ್ಮೆಟ್ ಪಟ್ಟಿ ಹಾಕುವ ಮೊದಲೇ ಸೈಕಲ್ ತೆಗೆದೆ. ದಂಡ ಬಿತ್ತು. ನಿಯಮ ಗೊತ್ತಿದ್ದೂ ಅವಸರದಲ್ಲಿ ಕೈ ಅತ್ತ ಹೋಯಿತು. ಈಗ ಹೆಲ್ಮೆಟ್ಟನ್ನು ಹ್ಯಾಂಡಲ್ ಮೇಲೆ ತಲೆಕೆಳಗಾಗಿ, ಪಟ್ಟಿ ಎರಡೂ ಕಡೆ ಬಿಚ್ಚಿ ಇಡುತ್ತೇನೆ. ಅದು ತಲೆಗೆ ಏರದೆ ಸೈಕಲ್ ಮುಟ್ಟಲು ಆಗುವುದೇ ಇಲ್ಲ.

ಮಾರ್ಚ್‌ನ ರೇಸ್ ಒಲಿಂಪಿಕ್ ದೂರದ್ದು: ಈಜು 1.5, ಸೈಕಲ್ 40, ಓಟ 10 ಕಿ.ಮೀ. ಸೈಕಲ್ ಚೆನ್ನಾಗಿ ತುಳಿದೆ, 1 ಗಂಟೆ 17 ನಿಮಿಷ. ಓಟದಲ್ಲಿ ಬಾಯಾರಿಕೆಗೆ ಹೆದರಿ ದಾರಿಯಲ್ಲಿ ನೀರಿಟ್ಟ ಪ್ರತಿ ಟೇಬಲ್‌ನಲ್ಲೂ ಎರಡೆರಡು ಲೋಟ ಕುಡಿದೆ, ಬರೀ ನೀರು. 4ನೇ ಕಿಲೋಮೀಟರ್‌ಗೆ ಹೊಟ್ಟೆ ಗುಳುಗುಳು. 6ಕ್ಕೆ ವಾಂತಿ. ಬೆರಳು ಊದಿಕೊಂಡು ಉಂಗುರ ಬಿಗಿಯಾಗಿತ್ತು. ಆಮೇಲೆ ಡಾಕ್ಟರಿಗೆ ತೋರಿಸಿದಾಗ, ಬೆವರಿನಲ್ಲಿ ಉಪ್ಪು ಹೋಗುತ್ತಿರುವಾಗ ಬರೀ ನೀರು ಜಾಸ್ತಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ, ಅದು ಪ್ರಾಣಕ್ಕೇ ಅಪಾಯ ಅಂದರು. ಅವತ್ತು ಇನ್ನೆರಡು ಟೇಬಲ್ ಸಿಕ್ಕಿದ್ದರೆ ಏನಾಗುತ್ತಿತ್ತೋ ಅಂತ ಈಗಲೂ ಅನ್ನಿಸುತ್ತದೆ.

ಎರಡು ವಾರ ಸುಧಾರಿಸಿಕೊಂಡೆ. ಏಪ್ರಿಲ್ ಶುರುವಿನಲ್ಲಿ ಮಧ್ಯಾಹ್ನದ ಓಟಕ್ಕೆ ಇಳಿದೆ. ರಿಂಗ್ ರೋಡಿನ ಪಕ್ಕದ ಸರ್ವಿಸ್ ರಸ್ತೆ, ಒಂದು ಮರ ಇಲ್ಲ. ಮೊಬೈಲ್‌ನಲ್ಲಿ 35-36 ಡಿಗ್ರಿ ತೋರಿಸುತ್ತಿತ್ತು, ಟಾರಿನ ಮೇಲೆ ಅದಕ್ಕಿಂತ ಎಷ್ಟೋ ಜಾಸ್ತಿ. ಮೊದಲ ದಿನ ಬರೀ 20 ನಿಮಿಷ, ಕಿಲೋಮೀಟರ್‌ಗೆ 7 ನಿಮಿಷದ ಓಟ. ನಾಡಿ 172. ಮನೆಗೆ ಬಂದು ನೆಲದ ಮೇಲೆ ಮಲಗಿಬಿಟ್ಟೆ. ದಿನಕ್ಕೆ ಮೂರ್ನಾಲ್ಕು ನಿಮಿಷ ಮಾತ್ರ ಸೇರಿಸಿದೆ, ವೇಗ ಹೆಚ್ಚಿಸಲಿಲ್ಲ. 14 ದಿನದಲ್ಲಿ 12 ದಿನ ಓಡಿದೆ. 5ನೇ ದಿನ ರೋಮ ನಿಮಿರಿ ಮೈ ಜುಂ ಅಂತು. "ಭಾವ, ಸಾಕು, ಸ್ಕೂಟರ್ ಹತ್ತಿ" ಅಂದ ಬಾಮೈದ. ಹತ್ತಿದೆ. ಬಿಸಿಲಲ್ಲಿ ಚಳಿ ಅನ್ನಿಸಿದರೆ, ಬೆವರು ನಿಂತರೆ, ತಲೆ ತಿರುಗಿದರೆ ಅಲ್ಲಿಗೆ ನಿಲ್ಲಿಸಲೇಬೇಕು.

ಎಂಟನೇ ದಿನದ ಹೊತ್ತಿಗೆ ವ್ಯತ್ಯಾಸ ಕಂಡಿತು. ಶುರು ಮಾಡಿದ ಐದೇ ನಿಮಿಷಕ್ಕೆ ಬೆವರು ಹರಿಯತೊಡಗಿತು. ಮೊದಲು ಹತ್ತು ನಿಮಿಷವಾದರೂ ಬೇಕಾಗುತ್ತಿತ್ತು. ಕೊನೆಯ ದಿನ ಅದೇ ವೇಗಕ್ಕೆ ನಾಡಿ 156. ಅಲ್ಲಿಗೆ ನನಗೆ ನಂಬಿಕೆ ಬಂತು. ಗುಂಪಿನವರಿಗೆ ಬರಲಿಲ್ಲ.

ಕುಡಿಯುವುದರ ಲೆಕ್ಕಕ್ಕೆ ತಕ್ಕಡಿ ಹಿಡಿದೆ. ಓಟಕ್ಕೆ ಮೊದಲು 68 ಕೆ.ಜಿ., ಗಂಟೆಯ ನಂತರ 66.5. ಅಂದರೆ ಗಂಟೆಗೆ ಒಂದೂವರೆ ಲೀಟರ್ ಬೆವರು. ಅಷ್ಟನ್ನೂ ಕುಡಿದು ತುಂಬಿಸಲು ಹೋಗಿ ಮತ್ತೆ ಒಂದು ದಿನ ವಾಂತಿ. ಓಡುವಾಗ ನನ್ನ ಹೊಟ್ಟೆ ತಡೆಯುವುದು ಗಂಟೆಗೆ 700 ಮಿ.ಲೀ. ಅಷ್ಟೇ. ಉಳಿದದ್ದನ್ನು ರೇಸ್ ಮುಗಿದ ಮೇಲೆ ತುಂಬಿಸಿಕೊಳ್ಳುತ್ತೇನೆ.

ರೇಸಿನಲ್ಲಿ ಶಕ್ತಿಗೆಂದು ನುಂಗುವ ಸಿಹಿ ಜೆಲ್ ಬಿಟ್ಟು ಬೆಲ್ಲಕ್ಕೆ ಬಂದದ್ದು ದುಡ್ಡಿನ ದೆಸೆಯಿಂದ. ಒಂದು ಜೆಲ್ಲಿಗೆ ಆಗ ನೂರಮೂವತ್ತು ರೂಪಾಯಿ, ಅಭ್ಯಾಸಕ್ಕೇ ಹನ್ನೆರಡು ಖಾಲಿಯಾಗಿದ್ದವು. ಮಂಡ್ಯದ ಆಲೆಮನೆ ಬೆಲ್ಲ ಮೂರು ಕೆ.ಜಿ.ಗೆ ಸುಮಾರು 200 ಇತ್ತು. ಮುಕ್ಕಾಲು ಲೀಟರ್ ಬಾಟಲಿಗೆ 50 ಗ್ರಾಂ ಬೆಲ್ಲ, ಒಂದೂವರೆ ಗ್ರಾಂ ಉಪ್ಪು, ಅರ್ಧ ನಿಂಬೆಹಣ್ಣು. ಒಂದು ಗ್ರಾಂ ಉಪ್ಪಿನಲ್ಲಿ ಸುಮಾರು 400 ಮಿ.ಗ್ರಾಂ ಸೋಡಿಯಂ, ಲೆಕ್ಕ ಹಾಕಿಕೊಳ್ಳಿ. ಇನ್ನೊಂದು ಸಾಮಾನು ಚಿಟಿಕೆಯಷ್ಟು ಹಾಕುತ್ತೇನೆ, ಅದು ಮುಂದಿನ ಸೀಸನ್‌ವರೆಗೆ ನನ್ನ ಹತ್ತಿರವೇ ಇರಲಿ. ಇಲ್ಲೂ ಎಡವಿದ್ದೇನೆ. ಸೋಸದೆ ಹಾಕಿದ ಬೆಲ್ಲದ ಕಸ ಬಾಟಲಿಯ ಮೂತಿಗೆ ಕಟ್ಟಿಕೊಂಡಿತು. ರಾತ್ರಿಯೇ ಕಲಸಿಟ್ಟದ್ದು ಬೆಳಗಾಗುವಷ್ಟರಲ್ಲಿ ಹುಳಿಯಾಗಿ ಬಾಟಲಿ ಉಬ್ಬಿತ್ತು. ಬಿಳುಪಿಗಾಗಿ ರಾಸಾಯನಿಕ ಹಾಕಿದ ಬೆಲ್ಲ ಹೊಟ್ಟೆ ಕೆಡಿಸಿತು. ಕಪ್ಪು ಬೆಲ್ಲವನ್ನೇ ತನ್ನಿ, ಬಟ್ಟೆಯಲ್ಲಿ ಸೋಸಿ, ಬೆಳಿಗ್ಗೆಯೇ ಕಲಸಿ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಕಲ್ಲಂಗಡಿ ರಸ ಓಟದಲ್ಲಿ ಹೊಟ್ಟೆಗೆ ಭಾರ. ರೇಸಿಗೆ ಮೂರು ಗಂಟೆ ಮೊದಲು ರಾಗಿ ಅಂಬಲಿ ಚೆನ್ನಾಗಿ ನಿಂತಿತು, ಅದನ್ನು ಉಳಿಸಿಕೊಂಡೆ. ಕಾಲುಚೀಲ ಇಲ್ಲದೆ ಓಡಿ ಬೊಕ್ಕೆ ಎದ್ದವು. ಪೌಡರ್ ಉದುರಿಸಿದ ಕಾಲುಚೀಲಕ್ಕೆ 20 ಸೆಕೆಂಡ್ ಹೋದರೂ ನನಗೆ ಅದೇ ಸರಿ. ಒದ್ದೆ ಕಾಲುಚೀಲವನ್ನು ಬಾಟಲಿಗೆ ಸುತ್ತಿದರೆ, ಮಣ್ಣಿನ ಗಡಿಗೆಯ ಹಾಗೆ ನೀರು ಆರುತ್ತಾ ಒಳಗಿನದನ್ನು ತಂಪಾಗಿಡುತ್ತದೆ. ಮೈಸೂರಿನ ಒಣ ಬಿಸಿಲಿನಲ್ಲಿ ಅದ್ಭುತವಾಗಿ ಕೆಲಸ ಮಾಡಿತು. ಮದುವೆಗೆಂದು ಮಂಗಳೂರಿಗೆ ಹೋದಾಗ ಪಣಂಬೂರಿನ ಕಡಲ ತೀರದ ಕಡೆ ಓಡಿದೆ. ಅಲ್ಲಿ ಬಾಟಲಿಯೂ ತಣಿಯಲಿಲ್ಲ, ನನ್ನ ಮೈಯೂ ತಣಿಯಲಿಲ್ಲ. ಬೆವರು ಆರದೆ ತೊಟ್ಟಿಕ್ಕುತ್ತಿತ್ತು. ಹಾಗಾಗಿ ಗೋವಾದ ಕಡಲ ತೀರದ ಮೀರಾಮಾರ್‌ನ 70.3 ರೇಸಿಗೆ (ಒಟ್ಟು 70.3 ಮೈಲಿಯ ಟ್ರಯಥ್ಲಾನ್) ಹೋಗುವ ಆಸೆ ಇರುವವರು ನಮ್ಮ ಒಣ ಬಿಸಿಲನ್ನೇ ನಂಬಿ ಹೋಗಬೇಡಿ. ಕೊನೆಯ ವಾರವಾದರೂ ಕರಾವಳಿಯಲ್ಲಿ ಓಡಿ ನೋಡಿ.

ಏಪ್ರಿಲ್ ರೇಸಿನಲ್ಲಿ ನಾನು ಪಟ್ಟು ಹಿಡಿದಿದ್ದು ಸೈಕಲ್ ಮೇಲೆ. ಎಲ್ಲರೂ ದಾಟಿ ಹೋಗುತ್ತಿದ್ದರು, ನಾನು ನಾಡಿ 150 ಮೀರದ ಹಾಗೆ ತುಳಿದೆ. ಎರಡು ಬಾಟಲಿಯನ್ನೂ ಸೈಕಲ್ ಮೇಲೆಯೇ ಖಾಲಿ ಮಾಡಿದೆ. ಓಟದಲ್ಲಿ ನೀರಿನ ಲೋಟ ಬಾಯಿಗೆ ಒಂದು ಗುಟುಕು, ಉಳಿದದ್ದು ತಲೆಗೆ. ಟೋಪಿಯೊಳಗೆ ಏನಿಟ್ಟಿದ್ದೆ ಅಂತ ಆಮೇಲೆ ನಾಲ್ಕು ಜನ ಕೇಳಿದರು. ಹೇಳಲಿಲ್ಲ.

ಮೂರು ರೇಸಿನ ಶುಲ್ಕ ಸೇರಿ ಒಂಬತ್ತೂವರೆ ಸಾವಿರ, ಶೂ ಆರೂವರೆ ಸಾವಿರ. ಅರವತ್ತು ಸಾವಿರದ ಚಕ್ರ ಹಾಕಿಸು ಅಂತ ಸಲಹೆ ಕೊಟ್ಟವರೂ ಇದ್ದರು. ನನ್ನ 23 ನಿಮಿಷ ಬಂದದ್ದು ತಕ್ಕಡಿ, ಬೆಲ್ಲ, ಮಧ್ಯಾಹ್ನ ಈ ಮೂರರಿಂದ.

ರೇಸ್ ಆದ ಮೇಲೆ ಮಳೆ ಹಿಡಿಯಿತು, ಅಂಗಡಿಯಲ್ಲಿ ಅರ್ಜಿಗಳ ಜೆರಾಕ್ಸ್ ಕೆಲಸವೂ ಬಂತು. ಮೂರು ವಾರ ಮಧ್ಯಾಹ್ನ ಓಡಲಿಲ್ಲ. ಮೊನ್ನೆ ಬಿಸಿಲು ಬಿದ್ದ ದಿನ ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿದೆ. ನಾಡಿ 168. ಗಳಿಸಿದ್ದೆಲ್ಲ ಹೆಚ್ಚುಕಡಿಮೆ ಕರಗಿತ್ತು. ಬಾಮೈದನಿಗೆ ಫೋನ್ ಮಾಡಿದೆ. ನಾಳೆಯಿಂದ ಮತ್ತೆ 20 ನಿಮಿಷದಿಂದ ಶುರು.