ಒಕ್ಕಲು ಮನೆಯ ವರ್ಷಕ್ಕೊಂದು ನೋಟ್‌ಬುಕ್

ಬೇಸಾಯದ ಮನೆಯವರು ಕೆಲಸ ಹೆಚ್ಚಾಯಿತೆಂದು ಸೋಲುವುದು ಕಡಿಮೆ, ಮೂರು ಕೆಲಸ ಒಂದೇ ವಾರಕ್ಕೆ ಬಂದು ಬಿದ್ದರೆ ಸೋಲುತ್ತಾರೆ. ಕೊಯ್ಲು ಶುರುವಾದ ದಿನವೇ ಹಸು ಈಯುತ್ತದೆ, ಅದೇ ವಾರ ಮಕ್ಕಳ ಪರೀಕ್ಷೆ. ಬರೆದಿಟ್ಟಿದ್ದರೆ ಇದರಲ್ಲಿ ಅರ್ಧದಷ್ಟನ್ನಾದರೂ ಮೊದಲೇ ಕಾಣಬಹುದು. ಗಟ್ಟಿ ರಟ್ಟಿನ ಒಂದು ನೋಟ್‌ಬುಕ್ ತಂದು ತಿಂಗಳಿಗೆ ಎದುರುಬದುರಿನ ಎರಡು ಪುಟ ಬಿಡಿ. ಎಡಕ್ಕೆ ಹೊಲ ಮತ್ತು ಕೊಟ್ಟಿಗೆ, ಬಲಕ್ಕೆ ಮನೆ ಮತ್ತು ಮಕ್ಕಳು. ಪೆನ್ನನ್ನು ದಾರದಿಂದ ಪುಸ್ತಕಕ್ಕೇ ಕಟ್ಟಿಬಿಡಿ, ಇಲ್ಲದಿದ್ದರೆ ಮೂರನೇ ದಿನಕ್ಕೆ ಅದು ಯಾರದೋ ಸ್ಕೂಲ್ ಬ್ಯಾಗಿನಲ್ಲಿರುತ್ತದೆ.

ಮೊದಲು ಬರೆಯಬೇಕಾದ್ದು ಎಣಿಸಿ ಹೇಳಬಹುದಾದ ದಿನಗಳನ್ನು. ಹಸುವಿಗೆ ಹೋರಿ ಬಿಟ್ಟ ಅಥವಾ ಗಬ್ಬ ಕಟ್ಟಲು ಇಂಜೆಕ್ಷನ್ ಕೊಡಿಸಿದ ತಾರೀಖು ಬರೆದು ಅಲ್ಲಿಂದ 280 ದಿನ ಎಣಿಸಿ, ಅದೇ ಈಯುವ ಅಂದಾಜು ದಿನ. ಎಮ್ಮೆಗೆ ಸುಮಾರು 310, ಆಡು ಕುರಿಗೆ 150. ಹಸುವಾದರೆ 18ರಿಂದ 24ನೇ ದಿನದವರೆಗೆ ಮತ್ತೆ ಬೆದೆಗೆ ಬಂತೇ ಎಂದು ಬೆಳಿಗ್ಗೆ ಸಂಜೆ ನೋಡಲು ಗುರುತು ಹಾಕಿ. ಈ ವಾರ ತಪ್ಪಿದರೆ ಇನ್ನೂ 21 ದಿನ ಖಾಲಿ ಹೋದಂತೆ. ಈಯುವುದಕ್ಕೆ 60 ದಿನ ಮುಂಚೆ ಹಾಲು ಬತ್ತಿಸುವ ದಿನವೂ ಅದೇ ಪುಟದಲ್ಲಿರಲಿ.

ಮನೆಯಲ್ಲಿ ಬಸುರಿ ಇದ್ದರೆ ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸಿ, ಅದೇ ಹೆರಿಗೆಯ ಅಂದಾಜು ದಿನ. ಎರಡು ವಾರ ಹಿಂದೆ ಮುಂದೆ ಆಗಬಹುದೆಂದು ಇಟ್ಟುಕೊಳ್ಳಿ. ಅದು ಕೊಯ್ಲಿನ ತಿಂಗಳಿಗೇ ಬಿದ್ದರೆ ರಾತ್ರಿ ಗಾಡಿ ಯಾರದು, ಚಿಕ್ಕಮಕ್ಕಳನ್ನು ನೋಡಿಕೊಳ್ಳುವವರು ಯಾರು ಎಂಬುದನ್ನು ಈಗಲೇ ಬರೆಯಿರಿ. ಇನ್ನೊಂದು ಮಾತು: ಆಡು, ಕುರಿ, ಹಸು ಈಯಿಸುವ ಕೆಲಸಕ್ಕೆ ಬಸುರಿಯನ್ನು ಕರೆಯಬೇಡಿ. ಕಂದು ಹಾಕಿದ, ಅಂದರೆ ಗಬ್ಬ ಇಳಿದುಹೋದ ಪ್ರಾಣಿಯ ಮಾಸು, ರಕ್ತದಿಂದ ಹರಡುವ ರೋಗಗಳು ಹೊಟ್ಟೆಯಲ್ಲಿರುವ ಮಗುವಿಗೂ ಅಪಾಯ. ಉಳಿದವರೂ ಅದನ್ನು ಬರಿಗೈಯಲ್ಲಿ ಮುಟ್ಟದಿರುವುದೇ ಮೇಲು.

ಬಿತ್ತನೆಗೆ ಮೂರು ವಾರ ಮುಂಚೆ ಬೀಜ ಪರೀಕ್ಷೆ ಎಂದು ಬರೆಯಿರಿ. ಚೀಲದ ಮೇಲೆ, ನಡುವೆ, ತಳ ಮೂರೂ ಕಡೆಯಿಂದ ಕಾಳು ತೆಗೆದು, ಆರಿಸದೆ 100 ಎಣಿಸಿ. ಆರಿಸಿದರೆ ಪರೀಕ್ಷೆಗೆ ಅರ್ಥವಿಲ್ಲ, ಒಳ್ಳೆಯದನ್ನೇ ಕೈ ಹುಡುಕುತ್ತದೆ. ಒದ್ದೆ ಮಾಡಿ ಹಿಂಡಿದ ಬಟ್ಟೆಯ ಮೇಲೆ ಹತ್ತರ ಸಾಲಿನಲ್ಲಿಟ್ಟು, ಸಡಿಲವಾಗಿ ಸುತ್ತಿ ನೆರಳಲ್ಲಿಡಿ. ಬಟ್ಟೆ ಆರದಂತೆ ನೀರು ಚಿಮುಕಿಸಿ, ನೀರು ಸೋರುವಷ್ಟು ಬೇಡ, ಕೊಳೆಯುತ್ತದೆ. ಹೆಚ್ಚಿನ ಕಾಳುಗಳಿಗೆ ಏಳು ದಿನ ಸಾಕು. ಗಟ್ಟಿ ಬೇರು, ನೆಟ್ಟಗಿನ ಮೊಳಕೆ ಬಂದಿದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. 85 ಬಂದರೆ ಚಿಂತೆಯಿಲ್ಲ, 70 ಬಂದರೆ ಬೀಜದ ಪ್ರಮಾಣ ಹೆಚ್ಚಿಸಿ. ಅದಕ್ಕೂ ತೀರಾ ಕೆಳಗಿದ್ದರೆ ಬೇರೆ ಬೀಜ ಹುಡುಕಲು ನಿಮ್ಮ ಕೈಯಲ್ಲಿ ಇನ್ನೂ ಎರಡು ವಾರ ಇದೆ. ಔಷಧ ಹಚ್ಚಿದ ಬೀಜ ಮಿಕ್ಕರೆ ಕೋಳಿಗೂ ಹಾಕಬೇಡಿ.

ಒಕ್ಕಣೆಯಾದ ಮೇಲೆ ಕಾಳು ಕೆಡುವುದು ಬಹುಪಾಲು ಅವಸರದಿಂದಲೇ. ಒಣಗಿದೆಯೋ ಇಲ್ಲವೋ ತಿಳಿಯಲು ತೇವವಿಲ್ಲದ ಗಾಜಿನ ಬಾಟಲಿಗೆ ಮೂರರಲ್ಲೊಂದು ಪಾಲು ಕಾಳು, ಎರಡು ಮೂರು ಚಮಚ ಪುಡಿ ಉಪ್ಪು ಹಾಕಿ ಒಂದು ನಿಮಿಷ ಅಲುಗಿಸಿ, ಹತ್ತು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ನೂರಕ್ಕೆ 15ಕ್ಕಿಂತ ಹೆಚ್ಚಿದೆ, ಚೀಲ ಕಟ್ಟಬೇಡಿ. ಅಂಟದಿದ್ದರೂ ಬಹುದಿನ ಇಡುವುದಾದರೆ ಇನ್ನೊಂದೆರಡು ಬಿಸಿಲು ಕಾಣಿಸಿ, ಕಚ್ಚಿದರೆ ಕಟಕ್ಕೆನ್ನಬೇಕು. ಬಿಸಿಲಿನಿಂದ ತಂದ ಕಾಳನ್ನು ಬಿಸಿ ಇರುವಾಗಲೇ ತುಂಬಿದರೆ ಒಳಗೇ ಬೆವತು ಬೂಷ್ಟು ಹಿಡಿಯುತ್ತದೆ. ಸಂಜೆ ಆರಲು ಬಿಟ್ಟು ಆಮೇಲೆ ತುಂಬಿ. ಚೀಲ ನೆಲಕ್ಕಾಗಲಿ ಗೋಡೆಗಾಗಲಿ ತಾಗದಂತೆ ಹಲಗೆಯ ಮೇಲಿರಲಿ. ಹೊಸ ಕಾಳನ್ನು ಹಳೆಯದರ ಜೊತೆ ಸೇರಿಸಬೇಡಿ. ದ್ವಿದಳ ಕಾಳಿಗೆ ಹುಳು ಹೊಲದಲ್ಲೇ ಮೊಟ್ಟೆಯಿಟ್ಟು ಬಂದಿರುತ್ತದೆ. ಕಿಲೋಗೆ ಒಂದು ಸಣ್ಣ ಚಮಚ, ಅಂದರೆ 5 ಮಿಲಿ ಅಡುಗೆ ಎಣ್ಣೆ ಎಲ್ಲ ಕಾಳಿಗೂ ಹತ್ತುವಂತೆ ಉಜ್ಜಿಟ್ಟರೆ ತಡೆಯುತ್ತದೆ. ಮೂರು ವಾರಕ್ಕೊಮ್ಮೆ ಜರಡಿ ಹಿಡಿಯುವ ದಿನವನ್ನೂ ಪುಸ್ತಕಕ್ಕೆ ಹಾಕಿ.

ಹುಳುವಿಗೆಂದು ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಜನ ಮಲಗುವ ಮನೆಯೊಳಗೆ ಇಡಲೇಬೇಡಿ. ಗಾಳಿಯ ತೇವ ತಗುಲಿದರೆ ಸಾಕು, ಅದರಿಂದ ವಿಷದ ಗಾಳಿ ಏಳುತ್ತದೆ; ಬಾಗಿಲು ಸಂದಿಯಲ್ಲಿ ನುಸುಳಿ ಪಕ್ಕದ ಕೋಣೆಯಲ್ಲಿ ಮಲಗಿದ ಮಕ್ಕಳ ಜೀವ ತೆಗೆಯಬಲ್ಲದು. ಸಿಂಪಡಣೆಯ ಬಟ್ಟೆಯನ್ನೂ ಮನೆ ಬಟ್ಟೆಯ ಜೊತೆ ನೆನೆಸಬಾರದು. ಅದಕ್ಕೆ ಬೇರೆ ಬಕೆಟ್, ಕೈಗೆ ಗ್ಲೌಸ್, ಅದೇ ದಿನ ಎರಡು ಸಲ ಒಗೆತ.

ಮಕ್ಕಳಿಗೆ ಕೆಲಸ ಕೊಡಿ, ವಯಸ್ಸು ನೋಡಿ ಕೊಡಿ. ಆರು ವರ್ಷಕ್ಕೆ ಮೊಟ್ಟೆ ಎತ್ತಿ ತರುವುದು, ಕೋಳಿಗೆ ನೀರಿಡುವುದು. ಹತ್ತಕ್ಕೆ ಕರುವಿಗೆ ಹುಲ್ಲು, ಬೀಜ ಎಣಿಸುವುದು. ಟ್ರ್ಯಾಕ್ಟರಿನ ಮಡ್ಗಾರ್ಡ್ ಮೇಲೆ ಯಾವ ವಯಸ್ಸಿನವರನ್ನೂ ಕೂರಿಸಬೇಡಿ. ಒಂದು ಗುಂಡಿ ಸಿಕ್ಕರೆ ಬೀಳುವುದು ಹಿಂದಿನ ಚಕ್ರದ ಮುಂದಕ್ಕೇ. ಕಾಳಿನ ರಾಶಿಯೊಳಗೆ, ಕಣಜದೊಳಗೆ ಆಟ ಬೇಡ, ಜಾರುವ ಕಾಳಿನಲ್ಲಿ ಮಗು ಸೊಂಟದವರೆಗೆ ಇಳಿದರೆ ಎಳೆದು ತೆಗೆಯುವುದು ದೊಡ್ಡವರಿಗೂ ಕಷ್ಟ.

ಓದು ಬಂದ ಮಗುವಿಗೆ ಮಳೆ ಅಳೆಯುವ ಕೆಲಸ ವಹಿಸಿಬಿಡಿ. ಬಾಯಿಂದ ತಳದವರೆಗೆ ಒಂದೇ ಅಗಲವಿರುವ ಡಬ್ಬಿಯನ್ನು ಮರ, ಸೂರು ತಪ್ಪಿಸಿ ಬಯಲಲ್ಲಿ ನೆಟ್ಟಗೆ ನಿಲ್ಲಿಸಿ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಸ್ಕೇಲ್ ಇಳಿಸಿ ನೀರಿನ ಎತ್ತರವನ್ನು ಮಿಲಿಮೀಟರಿನಲ್ಲಿ ಬರೆದು, ಚೆಲ್ಲಿ ಮತ್ತೆ ಇಡಲಿ. ಕತ್ತು ಸಣ್ಣಗಿರುವ ಬಾಟಲಿ ಇಟ್ಟರೆ ಲೆಕ್ಕ ತಪ್ಪುತ್ತದೆ: ಹೊಟ್ಟೆ ಅಗಲ, ಬಾಯಿ ಕಿರಿದು, ಜೋರು ಮಳೆಯನ್ನೂ ತುಂತುರೆಂದು ತೋರಿಸುತ್ತದೆ.