ಚೀನಾದ ರಂಗಮಂದಿರದಲ್ಲಿ ಒಂದು ಸಂಜೆ: ಕಸರತ್ತು ಮತ್ತು ಗೀತನಾಟಕ ನೋಡಲು ಹೋಗುವವರಿಗೆ

ಬೀಜಿಂಗ್, ಶಾಂಘೈಗಳಿಗೆ ಹೋಗುವ ಪ್ರವಾಸಿಗರ ವೇಳಾಪಟ್ಟಿಯಲ್ಲಿ ‘ಸಂಜೆ ಸಾಂಸ್ಕೃತಿಕ ಪ್ರದರ್ಶನ’ ಎಂಬ ಸಾಲೊಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆ ಸಾಲಿನ ಅರ್ಥ ಅಂಗಸಾಧನೆಯ ಕಸರತ್ತೂ ಆಗಿರಬಹುದು, ಬೀಜಿಂಗ್ ಒಪೆರಾ ಎಂದು ಹೊರಜಗತ್ತು ಕರೆಯುವ ಜಿಂಗ್ಜು ಗೀತನಾಟಕವೂ ಆಗಿರಬಹುದು. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಹಾನ್ ರಾಜವಂಶದ ಕಾಲದಲ್ಲಿ ‘ಬೈಶಿ’, ಅಂದರೆ ನೂರು ಆಟಗಳು, ಎಂಬ ಒಂದೇ ಹೆಸರಿನಡಿ ಕಂಬದ ಕಸರತ್ತು, ಚೆಂಡುಗಳ ತೂರಾಟ, ಹಗ್ಗದ ನಡಿಗೆ, ಹಾಡು, ವೇಷ ಎಲ್ಲವೂ ಸೇರಿದ್ದವು. ಇಂದಿಗೂ ಜಿಂಗ್ಜು ನಟರು ಲಾಗ ಹಾಕುವುದನ್ನು ನೋಡಿದರೆ ಆ ನಂಟು ಕಾಣುತ್ತದೆ. ಆದರೆ ನೋಡುಗನ ಕಡೆಯಿಂದ ಎರಡಕ್ಕೂ ದೊಡ್ಡ ಅಂತರವಿದೆ. ಕಸರತ್ತಿಗೆ ಒಳ್ಳೆಯ ಆಸನವನ್ನು ಆರಿಸಿ ಹೊತ್ತಿಗೆ ಸರಿಯಾಗಿ ತಲುಪಿದರೆ ಸಾಕು, ಉಳಿದದ್ದನ್ನು ಕಲಾವಿದರೇ ನೋಡಿಕೊಳ್ಳುತ್ತಾರೆ. ಜಿಂಗ್ಜುವಿಗೆ ಮಾತ್ರ ಒಂದು ಮಧ್ಯಾಹ್ನದ ಓದು ಬೇಕು. ಅದನ್ನು ಮಾಡದೆ ಹೋದವರು ಅರ್ಧ ಗಂಟೆಯಲ್ಲಿ ಕೈಗಡಿಯಾರ ನೋಡತೊಡಗುತ್ತಾರೆ, ತಪ್ಪು ಕಲೆಯದಲ್ಲ.

ಮೊದಲು ಕಸರತ್ತಿನ ವಿಷಯವನ್ನು ಮುಗಿಸೋಣ. ಬೀಜಿಂಗಿನಲ್ಲಿ ಪ್ರವಾಸಿಗರು ಹೆಚ್ಚಾಗಿ ಹೋಗುವುದು ಮೂರನೆಯ ವರ್ತುಲ ರಸ್ತೆಯ ಪೂರ್ವಭಾಗದಲ್ಲಿರುವ ಚಾವೊಯಾಂಗ್ ಥಿಯೇಟರಿಗೆ. ಮೆಟ್ರೊದಲ್ಲಿ ಹುಜಿಯಾಲೊ ನಿಲ್ದಾಣದಲ್ಲಿ ಇಳಿದರೆ ನಡೆದೇ ತಲುಪಬಹುದು. ಶಾಂಘೈಯಲ್ಲಿ 1999ರಲ್ಲಿ ತೆರೆದ ಸರ್ಕಸ್ ವರ್ಲ್ಡ್ ಎಂಬ ಗುಮ್ಮಟವಿದೆ. ಮೆಟ್ರೊದ ಒಂದನೆಯ ಮಾರ್ಗದಲ್ಲಿ ಅದೇ ಹೆಸರಿನ ನಿಲ್ದಾಣವಿರುವುದರಿಂದ ದಾರಿ ಕೇಳುವ ಅಗತ್ಯವೇ ಬೀಳುವುದಿಲ್ಲ. 2005ರಲ್ಲಿ ಆರಂಭವಾದ ‘ಇರಾ’ ಎಂಬ ಪ್ರದರ್ಶನ ಈ ಗುಮ್ಮಟಕ್ಕೆ ಹೆಸರು ತಂದಿತು: ಬೆಳಕು, ಜೀವಂತ ಸಂಗೀತ, ನೀರು, ಕೊನೆಯಲ್ಲಿ ಲೋಹದ ಗೋಳದೊಳಗೆ ಒಂದರ ಹಿಂದೊಂದು ನುಗ್ಗುವ ಮೋಟಾರ್‌ಸೈಕಲ್‌ಗಳು. ಇಷ್ಟು ಅಲಂಕಾರ ಬೇಡ, ಕಸರತ್ತಷ್ಟೇ ಸಾಕು ಎನ್ನುವವರಿಗೆ ಸಾಂಪ್ರದಾಯಿಕ ಬಿಡಿ ಅಂಕಗಳ ಪ್ರದರ್ಶನವೇ ಮೇಲು. ಕಾಲಿನಿಂದ ಛತ್ರಿ ತಿರುಗಿಸುವುದು, ಕೋಲಿನ ತುದಿಯಲ್ಲಿ ತಟ್ಟೆಗಳನ್ನು ಸುತ್ತಿಸುವುದು, ಬಳೆಗಳ ನಡುವಿನಿಂದ ಹಾರುವುದು, ಒಂದೇ ಸೈಕಲ್ಲಿನ ಮೇಲೆ ಹತ್ತಕ್ಕೂ ಹೆಚ್ಚು ಮಂದಿ ಬೀಸಣಿಗೆಯಂತೆ ಹರಡಿ ನಿಲ್ಲುವುದು ಇವೆಲ್ಲ ಅಲ್ಲಿ ಸಿಗುತ್ತವೆ.

ಆಸನ ಆರಿಸುವಾಗ ಮುಂದಿನ ಸಾಲೇ ಉತ್ತಮವೆಂಬ ನಂಬಿಕೆಯನ್ನು ಬಿಡಬೇಕು. ವೇದಿಕೆ ಎತ್ತರದಲ್ಲಿರುತ್ತದೆ, ಕುರ್ಚಿಗಳ ಗೋಪುರ ಅದಕ್ಕಿಂತಲೂ ಎತ್ತರಕ್ಕೆ ಏರುತ್ತದೆ. ಮೊದಲ ಸಾಲಿನಲ್ಲಿ ಕುಳಿತವರಿಗೆ ಕತ್ತು ನೋವಿನ ಜೊತೆಗೆ ಅರ್ಧ ಚಿತ್ರ ಮಾತ್ರ ದಕ್ಕುತ್ತದೆ. ಮಧ್ಯದ ಸಾಲುಗಳು, ಅದರಲ್ಲೂ ವೇದಿಕೆಗೆ ನೇರ ಎದುರಿನವು, ಸಾಮಾನ್ಯವಾಗಿ ನಡುವಣ ದರದಲ್ಲೇ ಸಿಗುತ್ತವೆ. ಶಾಂಘೈಯ ಗುಮ್ಮಟದಂತಹ ದುಂಡು ಅಂಗಳದಲ್ಲಿ ಪಕ್ಕದ ಅಂಚುಗಳನ್ನು ತಪ್ಪಿಸಿ, ಏಕೆಂದರೆ ವೃತ್ತಾಕಾರದ ಕಟ್ಟಡದಲ್ಲೂ ಕಲಾವಿದರು ಮುಖ ಮಾಡಿ ನಿಲ್ಲುವುದು ಒಂದೇ ದಿಕ್ಕಿಗೆ.

ನೋಡುವಾಗ ಕಣ್ಣನ್ನು ಎಲ್ಲಿ ಇಡಬೇಕು ಎಂಬುದೂ ಒಂದು ಪ್ರಶ್ನೆಯೇ. ಕುರ್ಚಿಗಳ ಗೋಪುರವನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಕೆಳಗೆ ನಾಲ್ಕು ಬಾಟಲಿಗಳ ಮೇಲೆ ಒಂದು ಮೇಜೋ ಕುರ್ಚಿಯೋ ಇರುತ್ತದೆ. ಕಲಾವಿದ ಮೇಲೇರುತ್ತಾ ಪ್ರತಿ ಹೊಸ ಕುರ್ಚಿಯನ್ನೂ ಕೆಳಗಿನದರ ಮೂಲೆಗೆ ಕೂಡಿಸಿದ ಮೇಲೆ ಅಂಗೈಯಿಂದ ಒಮ್ಮೆ ಒತ್ತಿ ನೋಡುತ್ತಾನೆ, ಉಸಿರು ಬಿಟ್ಟು, ಆಮೇಲಷ್ಟೇ ಭಾರವನ್ನೆಲ್ಲ ಎರಡು ಕೈಗಳ ಮೇಲೆ ತಂದು ಕಾಲುಗಳನ್ನು ಆಕಾಶಕ್ಕೆ ಎತ್ತುತ್ತಾನೆ. ಚಪ್ಪಾಳೆ ಬೀಳುವುದು ಕಾಲು ಮೇಲೆ ಹೋದಾಗ. ನಿಜವಾದ ಕೆಲಸ ನಡೆದದ್ದು ಆ ಒತ್ತಿ ನೋಡುವ ಎರಡು ಕ್ಷಣಗಳಲ್ಲಿ. ಒಂದು ಯತ್ನ ತಪ್ಪಿ ತಟ್ಟೆಯೋ ಟೊಪ್ಪಿಯೋ ಕೆಳಗೆ ಬಿದ್ದರೆ ಕಲಾವಿದರು ಅದನ್ನು ಮತ್ತೆ ಮಾಡಿಯೇ ತೀರುತ್ತಾರೆ, ಸ್ಥಳೀಯ ಪ್ರೇಕ್ಷಕರು ಆಗ ಹೆಚ್ಚು ಜೋರಾಗಿ ಚಪ್ಪಾಳೆ ತಟ್ಟುತ್ತಾರೆ; ನೀವೂ ತಟ್ಟಿ. ವೇದಿಕೆಯ ಮೇಲಿನ ಎಷ್ಟೋ ಮಂದಿ ಆರೇಳು ವರ್ಷದ ಪ್ರಾಯದಲ್ಲೇ ತರಬೇತಿಗೆ ಸೇರಿದವರು. ಹೆಬೈ ಪ್ರಾಂತದ ವುಚಿಯಾವೊ ಎಂಬ ಪ್ರದೇಶ ಈ ಕಲೆಯ ತವರು ಎಂದೇ ಹೆಸರಾಗಿದ್ದು, ಅದರ ಹೆಸರಿನ ಅಂತಾರಾಷ್ಟ್ರೀಯ ಉತ್ಸವ 1987ರಿಂದ ನಡೆದುಬಂದಿದೆ. ಪ್ರಾಣಿಗಳನ್ನು ಬಳಸುವ ಪ್ರದರ್ಶನ ನಿಮಗೆ ಒಗ್ಗದಿದ್ದರೆ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು: ನಗರದ ರಂಗಮಂದಿರಗಳ ಕಸರತ್ತಿನಲ್ಲಿ ಸಾಮಾನ್ಯವಾಗಿ ಮನುಷ್ಯರೇ ಇರುತ್ತಾರೆ, ದೊಡ್ಡ ಸರ್ಕಸ್‌ಗಳಲ್ಲಿ ಹಾಗಿರುವುದಿಲ್ಲ.

ಇನ್ನು ಜಿಂಗ್ಜು. 1790ರಲ್ಲಿ ಚಿಯಾನ್‌ಲಾಂಗ್ ಚಕ್ರವರ್ತಿಯ 80ನೆಯ ಹುಟ್ಟುಹಬ್ಬಕ್ಕೆ ಅನ್‌ಹುಯಿ ಪ್ರಾಂತದ ತಂಡಗಳು ರಾಜಧಾನಿಗೆ ಬಂದದ್ದರಿಂದ ಇದರ ಕಥೆ ಶುರುವಾಗುತ್ತದೆ. 2010ರಲ್ಲಿ ಯುನೆಸ್ಕೊ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಯಕ್ಷಗಾನ ನೋಡಿ ಬೆಳೆದ ಕನ್ನಡಿಗರಿಗೆ ಅರ್ಧ ಪಾಠ ಮೊದಲೇ ಆಗಿರುತ್ತದೆ. ಮುಖದ ಬಣ್ಣವೇ ಪಾತ್ರದ ಸ್ವಭಾವ ಹೇಳುವುದು, ರಂಗದ ಮೇಲೆ ಒಂದು ಸುತ್ತು ಹಾಕಿದರೆ ನೂರು ಹರದಾರಿ ದಾಟಿದಂತಾಗುವುದು, ಹೆಜ್ಜೆಯನ್ನು ತಾಳವಾದ್ಯ ನಡೆಸುವುದು, ಗಂಡಸರು ಸ್ತ್ರೀವೇಷ ಕಟ್ಟಿ ಹೆಸರು ಮಾಡುವುದು, ಇವು ಯಾವುವೂ ನಮಗೆ ವಿಚಿತ್ರವೆನಿಸುವುದಿಲ್ಲ. ಸ್ತ್ರೀಪಾತ್ರಗಳಿಂದಲೇ ಜಗತ್ಪ್ರಸಿದ್ಧರಾದ ಮೇ ಲಾನ್‌ಫಾಂಗ್ ಅವರ ಆಟವನ್ನು ರವೀಂದ್ರನಾಥ ಟ್ಯಾಗೋರರು 1924ರಲ್ಲಿ ಬೀಜಿಂಗಿನಲ್ಲೇ ನೋಡಿದ್ದರು. ಮುಖ್ಯವಾದ ವ್ಯತ್ಯಾಸವೊಂದೇ: ಇಲ್ಲಿ ಭಾಗವತರಿಲ್ಲ, ನಟನೇ ಹಾಡುತ್ತಾನೆ. ಜಿಂಗ್‌ಹು ಎಂಬ ಎರಡು ತಂತಿಯ ಚಿಕ್ಕ ಪಿಟೀಲು ಅವನ ಗಂಟಲಿಗೆ ಅಂಟಿಕೊಂಡಂತೆ ಹಿಂಬಾಲಿಸುತ್ತದೆ. ಅದರ ನಾದ ಕಿವಿಗೆ ಚುರುಕು ಮುಟ್ಟಿಸುವಂಥದ್ದು, ಜಾಗಟೆಗಳ ಸದ್ದು ಸೇರಿದರಂತೂ ಚಿಕ್ಕ ಮಕ್ಕಳು ಬೆಚ್ಚಿಬೀಳಬಹುದು.

ಮೊದಲ ಸಲ ಹೋಗುವವರು ಪೂರ್ಣ ನಾಟಕಕ್ಕೆ ಕೈಹಾಕದೆ ‘ಜೆಜಿಶಿ’ ಎಂಬ ಬಿಡಿ ದೃಶ್ಯಗಳ ಸಂಜೆಯನ್ನೇ ಹುಡುಕಬೇಕು. ಪೂರ್ಣ ನಾಟಕ ಎರಡೂವರೆ, ಮೂರು ಗಂಟೆ ನಡೆಯುತ್ತದೆ, ಅದರಲ್ಲಿ ಬಹುಭಾಗ ನಿಂತು ಹಾಡುವುದೇ ಇರಬಹುದು. ಬಿಡಿ ದೃಶ್ಯಗಳಲ್ಲಿ ಹಾಡಿನದೊಂದು, ಕಾಳಗದ್ದೊಂದು, ಮೂಕಾಭಿನಯದ್ದೊಂದು ಎಂದು ಕಲಸಿ ಕೊಡುತ್ತಾರೆ. ಬೀಜಿಂಗಿನ ಚಿಯಾನ್‌ಮೆನ್ ಜಿಯಾಂಗುವೊ ಹೋಟೆಲಿನೊಳಗಿನ ಲಿಯುವಾನ್ ಥಿಯೇಟರ್ ಇಂತಹ ಸಂಜೆಗಳಿಗೆ ಹೆಸರಾದದ್ದು. ಮುಂದಿನ ಭಾಗದಲ್ಲಿ ಚೌಕದ ಮೇಜುಗಳ ಸುತ್ತ ಚಹಾ, ತಿನಿಸುಗಳೊಂದಿಗೆ ಕೂರುವ ವ್ಯವಸ್ಥೆಯಿದ್ದು, ನಟರು ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವುದನ್ನು ಆರಂಭಕ್ಕೆ ಮೊದಲು ಮೊಗಸಾಲೆಯಲ್ಲೇ ನೋಡುವ ರೂಢಿಯನ್ನೂ ಅಲ್ಲಿ ಬೆಳೆಸಿದ್ದಾರೆ. ಅಲ್ಲಿಗೆ ಹತ್ತಿರದಲ್ಲೇ, ಹುಫಾಂಗ್‌ಚಿಯಾವೊ ಮೆಟ್ರೊದ ಬಳಿ, 1807ರಲ್ಲಿ ಕಟ್ಟಿದ ಹುಗುವಾಂಗ್ ಭವನವಿದೆ. 1912ರಲ್ಲಿ ಕ್ರಾಂತಿನಾಯಕ ಸುನ್ ಯಾತ್ ಸೆನ್ ಕುವೊಮಿಂಟಾಂಗ್ ಪಕ್ಷವನ್ನು ಸ್ಥಾಪಿಸಿದ್ದು ಇದೇ ಮರದ ಮಾಳಿಗೆಯ ಕೆಳಗೆ. ಈ ಹಳೆಯ ಭವನಗಳಲ್ಲಿ ಎಲ್ಲ ವಾರವೂ ಜಿಂಗ್ಜು ಇರುತ್ತದೆಂದು ಹೇಳಲಾಗದು, ಹೋಗುವ ವಾರದ ಪಟ್ಟಿಯನ್ನು ನೋಡಿಯೇ ಹೊರಡಿ. ಮುಂದಿನ ಮೆಟ್ಟಿಲು ಹತ್ತಬಯಸುವವರಿಗೆ ಬೀಜಿಂಗಿನಲ್ಲಿ ಚಾಂಗ್‌ಆನ್ ಮತ್ತು 2007ರಲ್ಲಿ ತೆರೆದ ಮೇ ಲಾನ್‌ಫಾಂಗ್ ರಂಗಮಂದಿರಗಳೂ, ಶಾಂಘೈಯ ಫುಝೌ ರಸ್ತೆಯ ಯಿಫು ರಂಗಮಂದಿರವೂ ಇವೆ. ಇಲ್ಲಿ ಪ್ರೇಕ್ಷಕರಲ್ಲಿ ಪ್ರವಾಸಿಗರಿಗಿಂತ ಊರಿನ ಹಿರಿಯರೇ ಹೆಚ್ಚು, ಅವರ ನಡುವೆ ಕೂರುವುದೇ ಒಂದು ಶಿಕ್ಷಣ.

ಪಟ್ಟಿಯಲ್ಲಿ ದೃಶ್ಯಗಳ ಹೆಸರು ಸಿಕ್ಕಿದೊಡನೆ ಪ್ರತಿಯೊಂದರ ಕಥೆಯನ್ನೂ ಹೋಟೆಲಿನಲ್ಲೇ ಓದಿಕೊಳ್ಳಿ. ವೇದಿಕೆಯ ಪಕ್ಕದ ಪರದೆಗಳಲ್ಲಿ ಚೀನೀ ಅಕ್ಷರಗಳೂ, ಪ್ರವಾಸಿಗರ ಮಂದಿರಗಳಲ್ಲಿ ಇಂಗ್ಲಿಷೂ ಮೂಡುತ್ತವೆ, ಆದರೆ ಅದನ್ನು ಓದುತ್ತ ಕುಳಿತರೆ ನಟನ ಕಣ್ಣು ತಪ್ಪಿಹೋಗುತ್ತದೆ. ರಂಗದ ಮೇಲೆ ಒಂದು ಮೇಜು, ಎರಡು ಕುರ್ಚಿ ಬಿಟ್ಟರೆ ಬೇರೇನೂ ಇರದಿರಬಹುದು. ಅವೇ ಅರಮನೆ, ಅವೇ ಬೆಟ್ಟ, ಅವೇ ಹಾಸಿಗೆ. ಗೊಂಡೆಗಳುಳ್ಳ ಚಾಟಿ ಕೈಯಲ್ಲಿದ್ದರೆ ಕುದುರೆಯ ಮೇಲಿದ್ದಾನೆ, ಹುಟ್ಟು ಹಿಡಿದಿದ್ದರೆ ದೋಣಿಯಲ್ಲಿದ್ದಾನೆ, ಏನೂ ಇಲ್ಲದ ಕಡೆ ಕಾಲೆತ್ತಿ ಇಟ್ಟರೆ ಹೊಸ್ತಿಲು ದಾಟಿದ್ದಾನೆ. ಕೆಂಪು ಮುಖ ನಿಷ್ಠೆಯದು, ಸೇನಾಪತಿ ಗುವಾನ್ ಯು ಅವರದು. ಕಪ್ಪು ನ್ಯಾಯಾಧೀಶ ಬಾವೊ ಅವರ ನಿಷ್ಠುರತೆಯದು. ಬಿಳಿ ಕಪಟದ್ದು, ಸೇನಾನಾಯಕ ತ್ಸಾವೊ ತ್ಸಾವೊನಂಥವರದು. ಬೆನ್ನ ಮೇಲೆ ನಾಲ್ಕು ಬಾವುಟ ಕಟ್ಟಿದವನು ಕವಚ ತೊಟ್ಟ ಸೇನಾಪತಿ. ಪಾತ್ರಗಳು ಪ್ರೇಕ್ಷಕರ ಎಡಗಡೆಯಿಂದ ಬಂದು ಬಲಗಡೆಯಿಂದ ಹೋಗುವುದು ಸಂಪ್ರದಾಯ.

ಪಟ್ಟಿಯಲ್ಲಿ ‘ಸಾನ್ ಚಾ ಕೊ’, ಅಂದರೆ ಮೂರು ದಾರಿಗಳ ಕೂಡು, ಎಂಬ ಹೆಸರು ಕಂಡರೆ ಬೇರೆ ಯೋಚನೆ ಮಾಡದೆ ಟಿಕೆಟ್ ಕೊಳ್ಳಿ. ಒಂದು ಛತ್ರದ ಕೋಣೆಯಲ್ಲಿ ಇಬ್ಬರು ಕತ್ತಲಲ್ಲಿ ಕಾದಾಡುತ್ತಾರೆ, ಪರಸ್ಪರ ಶತ್ರುಗಳೆಂದು ತಪ್ಪು ತಿಳಿದು. ರಂಗದ ದೀಪಗಳೆಲ್ಲ ಉರಿಯುತ್ತಲೇ ಇರುತ್ತವೆ; ಕತ್ತಲು ಇರುವುದು ನಟರ ಬೆರಳುಗಳಲ್ಲಿ, ಗಾಳಿಯನ್ನು ತಡವುವ ಅಂಗೈಯಲ್ಲಿ, ಎದುರಾಳಿಯ ಪಕ್ಕದಲ್ಲೇ ನಿಂತು ಬೇರೆಲ್ಲೋ ನೋಡುವ ಕಣ್ಣುಗಳಲ್ಲಿ. ಬೀಸಿದ ಕತ್ತಿಯ ಅಲಗು ಇನ್ನೊಬ್ಬನ ಮೂಗಿನ ಮುಂದೆ ಬೆರಳಷ್ಟು ಅಂತರದಲ್ಲಿ ಹಾದುಹೋದಾಗ ಅವನು ರೆಪ್ಪೆ ಅಲುಗಿಸುವುದಿಲ್ಲ, ಏಕೆಂದರೆ ಅವನಿಗೆ ಅದು ಕಾಣಿಸಿಲ್ಲ. ಮಾತು ಅತಿ ಕಡಿಮೆಯಿರುವ ಈ ದೃಶ್ಯಕ್ಕೆ ಭಾಷೆ ಬೇಕಿಲ್ಲ. ವಾನರರಾಜ ಸುನ್ ವುಕಾಂಗ್ ಸ್ವರ್ಗದಲ್ಲಿ ದಾಂಧಲೆ ಮಾಡುವ ದೃಶ್ಯ, ಮುದುಕ ಅಂಬಿಗನೂ ತರುಣ ಸನ್ಯಾಸಿನಿಯೂ ಕಾಲ್ಪನಿಕ ದೋಣಿಯಲ್ಲಿ ತೇಲುವ ‘ಶರದೃತುವಿನ ನದಿ’, ಇವೂ ಹೊಸಬರಿಗೆ ಸುಲಭ. ಜಿಂಗ್ಜುವಿಗೆ ಕಸರತ್ತಿನ ನಿಯಮ ತಿರುಗುಮುರುಗು: ಇಲ್ಲಿ ಹತ್ತಿರದ ಸಾಲೇ ಬೇಕು, ಏಕೆಂದರೆ ಕಣ್ಣು, ಬೆರಳು, ಉದ್ದನೆಯ ಬಿಳಿ ತೋಳಿನ ಅಲೆ ಇವೇ ಅಭಿನಯ. ವಾದ್ಯಗಾರರು ಒಂದು ಮಗ್ಗುಲಲ್ಲಿ ಕೂರುವುದರಿಂದ ಆ ಕಡೆಯ ಅಂಚಿನ ಆಸನವನ್ನು ಮಾತ್ರ ಬಿಟ್ಟುಬಿಡಿ.

ಹಳೆಯ ಚಹಾಮಂದಿರಗಳಲ್ಲಿ ಜನ ಬೀಜ ಸಿಡಿಸುತ್ತ, ಹರಟುತ್ತ ಆಟ ನೋಡುತ್ತಿದ್ದರು, ಇಂದಿನ ಮಂದಿರಗಳಲ್ಲಿ ಶಿಸ್ತು ಬಿಗಿ. ಆದರೆ ಒಂದು ಪದ್ಧತಿ ಉಳಿದಿದೆ. ನಟನು ತಾಳದ ಕೊನೆಯ ಪೆಟ್ಟಿಗೆ ಸರಿಯಾಗಿ ಶಿಲೆಯಂತೆ ನಿಂತಾಗ, ಅಥವಾ ದೀರ್ಘ ಸ್ವರವನ್ನು ದಡ ಮುಟ್ಟಿಸಿದಾಗ, ಬಲ್ಲವರು ‘ಹಾವೊ’ ಎಂದು ಕೂಗುತ್ತಾರೆ, ಭೇಷ್ ಎಂದಂತೆ. ನಿಮಗೂ ಕೂಗಬೇಕೆನಿಸಿದರೆ ಹಿಂದಿನ ಸಾಲಿನ ಅಜ್ಜನಿಗಿಂತ ಅರೆಕ್ಷಣ ತಡವಾಗಿ ಕೂಗುವುದು ಕ್ಷೇಮ. ಮೊಬೈಲಿನ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯನ್ನೂ ನಿರೀಕ್ಷಿಸಬೇಡಿ. ಕಸರತ್ತಿನಲ್ಲಿ ಫ್ಲ್ಯಾಷ್ ಬೆಳಕು ಕಲಾವಿದನ ಪ್ರಾಣಕ್ಕೇ ಕುತ್ತಾಗಬಲ್ಲದು. ದೊಡ್ಡ ರಂಗಮಂದಿರಗಳಲ್ಲಿ ಚಿತ್ರ ತೆಗೆಯಲು ಫೋನ್ ಎತ್ತಿದವರ ಪರದೆಯ ಮೇಲೆ ಸಿಬ್ಬಂದಿ ದೂರದಿಂದಲೇ ಲೇಸರಿನ ಕೆಂಪು ಚುಕ್ಕೆಯನ್ನು ಕುಣಿಸುತ್ತಾರೆ. ಒಂದು ಮಾತೂ ಆಡದೆ ಇಡೀ ಸಾಲಿನ ಮುಂದೆ ನಾಚಿಸುವ ಈ ಉಪಾಯವನ್ನು ನಮ್ಮ ಸಭಾಂಗಣಗಳೂ ಎರವಲು ಪಡೆಯಬಹುದು.

ಟಿಕೆಟ್ಟಿಗೆ ಪಾಸ್‌ಪೋರ್ಟ್ ಸಂಖ್ಯೆ ಕೇಳುವುದು ಅಲ್ಲಿ ಸಾಮಾನ್ಯ, ಬಾಗಿಲಲ್ಲಿ ಮೂಲ ಪಾಸ್‌ಪೋರ್ಟನ್ನೇ ತೋರಿಸಬೇಕಾಗಬಹುದು, ಆದ್ದರಿಂದ ಅದನ್ನು ಹೋಟೆಲಿನ ತಿಜೋರಿಯಲ್ಲಿ ಬಿಟ್ಟು ಹೋಗಬೇಡಿ. ಅಲಿಪೇ ಅಥವಾ ವೀಚಾಟ್ ಆ್ಯಪ್‌ಗೆ ವೀಸಾ, ಮಾಸ್ಟರ್ ಕಾರ್ಡ್‌ಗಳನ್ನು ಜೋಡಿಸುವ ಕೆಲಸವನ್ನು ಊರು ಬಿಡುವ ಮೊದಲೇ ಮುಗಿಸಿ. ಬ್ಯಾಂಕಿನ ಒಟಿಪಿ ಭಾರತದ ಸಂಖ್ಯೆಗೆ ಬರುವುದರಿಂದ ಅಲ್ಲಿಗೆ ಹೋದ ಮೇಲೆ ಪರದಾಟವಾಗುತ್ತದೆ. ಗೂಗಲ್ ನಕ್ಷೆ ಕೆಲಸಕ್ಕೆ ಬಾರದು, ರಂಗಮಂದಿರದ ಹೆಸರನ್ನು ಚೀನೀ ಅಕ್ಷರಗಳಲ್ಲಿ ಫೋನಿನಲ್ಲಿ ಉಳಿಸಿಕೊಂಡರೆ ಟ್ಯಾಕ್ಸಿ ಚಾಲಕನಿಗೆ ತೋರಿಸಬಹುದು. ಪ್ರದರ್ಶನಗಳು ಹೆಚ್ಚಾಗಿ ಸಂಜೆ ಏಳು, ಏಳೂವರೆಗೆ ಆರಂಭವಾಗುತ್ತವೆ, ಅಂದರೆ ಬೀಜಿಂಗಿನ ವಾಹನದಟ್ಟಣೆ ತುದಿಮುಟ್ಟಿರುವ ಹೊತ್ತಿಗೆ ನೀವು ರಸ್ತೆಯಲ್ಲಿರುತ್ತೀರಿ; ಮೆಟ್ರೊ ಹಿಡಿಯಿರಿ, ಬಾಗಿಲಿನ ತಪಾಸಣೆಗೂ ಸೇರಿಸಿ ಅರ್ಧ ಗಂಟೆ ಮೊದಲೇ ತಲುಪಿ. ಗಂಭೀರ ರಂಗಮಂದಿರಗಳು ಹಲವು 1.2 ಮೀಟರಿಗಿಂತ ಕಡಿಮೆ ಎತ್ತರದ ಮಕ್ಕಳನ್ನು ಒಳಗೆ ಬಿಡುವುದಿಲ್ಲ. ಮಕ್ಕಳಿರುವ ಕುಟುಂಬಕ್ಕೆ ಕಸರತ್ತೇ ಸರಿ.

ಪ್ರವಾಸ ಬೇರೆ ದಿಕ್ಕಿಗಿದ್ದರೂ ದಾರಿಗಳಿವೆ. ಚೆಂಗ್ದುವಿನಲ್ಲಿ ಸಿಚುವಾನ್ ಗೀತನಾಟಕದ ಬಿಯೆನ್‌ಲಿಯೆನ್, ಅಂದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಖವಾಡ ಬದಲಿಸುವ ಚಮತ್ಕಾರ, ಎಲ್ಲರಿಗೂ ಗೊತ್ತು. ಸಾಂಸ್ಕೃತಿಕ ಉದ್ಯಾನದ ಶುಫೆಂಗ್ ಯಾಯುನ್‌ನಂತಹ ಚಹಾಮಂದಿರಗಳಲ್ಲಿ ಅದಕ್ಕೆ ಮುನ್ನ ಗೊಂಬೆಯಾಟ, ಬೆರಳ ನೆರಳಾಟ, ತಲೆಯ ಮೇಲೆ ಉರಿಯುವ ದೀಪವಿಟ್ಟುಕೊಂಡು ಹೆಂಡತಿಯಿಂದ ಬೈಸಿಕೊಳ್ಳುವ ಗಂಡನ ಪ್ರಹಸನ ಬರುತ್ತವೆ. ಮುಖವಾಡಕ್ಕಾಗಿ ಹೋದವರು ಈ ಗಂಡನನ್ನು ಕಡೆಗಣಿಸದಿರಲಿ, ಇಡೀ ಸಂಜೆಯ ಅತ್ಯಂತ ಕಷ್ಟದ ಅಂಗಸಾಧನೆ ಅವನದೇ. ಹಾಂಗ್‌ಕಾಂಗ್ ಮೂಲಕ ಹೋಗುವವರಿಗೆ ಪಶ್ಚಿಮ ಕೌಲೂನ್‌ನಲ್ಲಿ 2019ರಲ್ಲಿ ತೆರೆದ ಶಿಚು ಸೆಂಟರ್ ಇದೆ. ಅಲ್ಲಿನ ಚಹಾಮಂದಿರ ರಂಗದಲ್ಲಿ ಸುಮಾರು 90 ನಿಮಿಷದ ಕ್ಯಾಂಟನೀಸ್ ಗೀತನಾಟಕದ ಆಯ್ದ ಭಾಗಗಳನ್ನು ನಿರೂಪಕರ ವಿವರಣೆಯೊಂದಿಗೆ ಕೊಡುವುದರಿಂದ, ಮೇಲೆ ಹೇಳಿದ ಮಧ್ಯಾಹ್ನದ ಓದಿಗೆ ಬಿಡುವಿಲ್ಲದವರೂ ಧೈರ್ಯವಾಗಿ ಹೋಗಬಹುದು.